ಕರೆಯದ ಕೊಕ್ಕಿ

ಮೈದಾ ಅಂಟು ಕುದಿಸೋದು ನನ್ನ ಪಾಲಿಗೆ ಬಂತು.
ಚಿಟಿಕಿ ಮೈಲುತುತ್ತ ಹಾಕಿದರ ಹುಳ ಹತ್ತಂಗಿಲ್ಲ,
ದನಾನೂ ಪೋಸ್ಟರ್ ನೆಕ್ಕಂಗಿಲ್ಲ.
ಸಿಂಧನೂರು, ಗಂಗಾವತಿ ರಸ್ತಾ,
ಬಂದಾದ ರೈಸ್‌ಮಿಲ್ಲಿನ ಅಂಗಳ, ರಾತ್ರಿ ಹತ್ತೂವರಿ.
ಹಮಾಲರ ಸಂಘದ ಅಧ್ಯಕ್ಷಗಿರಿಗೆ ನಮ್ಮ ಹುಲಿಗೆಪ್ಪ ನಿಂತಾನ.
ಗುರ್ತು ಕೊಕ್ಕಿ.
ಎದುರಾಳಿದು ತಕ್ಕಡಿ.
ಚೆಲ್ಲಿದ ಅಕ್ಕಿ ಬಳಿಯೋ ನಮಗೂ
ಈ ಸಲ ಓಟು ಕೊಟ್ಟಾರ, ಹದಿನೇಳು ಮಂದಿ ಹೆಣಮಕ್ಕಳು.
ಅಂದಿನಿಂದ ನಾ ಕೆಮ್ಮಿದರೂ ತಿರುಗಿ ನೋಡತಾರ.

ಜಗಳ ಹತ್ತಿದ್ದು ಕರಪತ್ರದ ಏಳನೇ ಸಾಲಿಗೆ.
ಕೂಲಿ, ಪಿ.ಎಫ್., ಕುಡಿಯೋ ನೀರು, ಕಕ್ಕಸು,
ಗೇಟಿಗೊಂದು ಲೈಟು, ನಡ ಮುರದವರಿಗೆ ಪಿಂಚಣಿ,
ಇವಕ್ಕ ಯಾರ ತಕರಾರೂ ಇಲ್ಲ.
ಏಳನೇದು ಹುಲಿಗೆಪ್ಪನ ಕೈಬರಹ,
ಸಾಲಿ ಹುಡುಗನಂಗ ದುಂಡಗ:
"ಪರದೇಶದ ಜಗಳಕ್ಕ ನಮ್ಮ ಫೌಜು ಹೋಗಬಾರದು."

"ಒಂದು ಲೈಟು ಹಾಕಿಸಾಕ ಆಗವಲ್ದು,
ಲಡಾಯಿ ನಿಲ್ಲಸ್ತಾನಂತ! ಹಂಗ ನಗತಾರ ತಕ್ಕಡಿಯವರು,"
ಅಂದ ಮೌನೇಶ.
"ನಗಲಿ," ಹುಲಿಗೆಪ್ಪ ಬೀಡಿ ಹುಡುಕಿದ.
"ಹಡಗ ನಿಂತರ ಲಾರಿ ನಿಲ್ಲತೈತಿ.
ಲಾರಿ ನಿಂತರ ನಿನ್ನ ಒಲಿ.
ಆ ಕಡೆ ಸಮುದ್ರದಾಗ ಬಾಂಬು ಬಿದ್ದ ತಿಂಗಳು
ಎಷ್ಟು ಚೀಲ ಎತ್ತಿದಿ, ಹೇಳು."
ಮೌನೇಶ ಹೆಸರಿಗೆ ತಕ್ಕಂಗಾದ.

ಖಾಜಾಸಾಬ್ ಬಸ್ರಾದಾಗ ಆರು ವರ್ಷ ಟ್ಯಾಂಕರ್ ಹೊಡದಾಂವ:
"ಬಿಡಿಸಾಕ ಬಂದೀವಿ ಅಂದರು.
ಮೊದಲು ಬಿಡಿಸಿದ್ದು ನನ್ನ ಮಾಲಕನ ಬಾಗಿಲ ಚಿಲಕ.
ಆಮ್ಯಾಲ ಬಡಗಿ ಮೂರು ಸಲ ಬಂದ,
ಬಾಗಿಲು ಚೌಕಟ್ಟಿಗೆ ಕೂಡಲೇ ಇಲ್ಲ."

ಮೂರನೇ ಕ್ಯಾಂಪಿನ ನಿರಾಪದ ಮಂಡಲ್
ಜ್ವಾಳದ ರೊಟ್ಟಿ ತಟ್ಟೋ ಮನಿಯಾಂವ,
ಸಿಟ್ಟು ಬಂದಾಗ ಮಾತ್ರ ಬಂಗಾಳಿ.
ಇವತ್ತು ಕನ್ನಡದಾಗ ಸಿಟ್ಟಾದ:
"ನಮ್ಮಜ್ಜಿಯ ತಂಗಿ ನದಿಯಾಚೆ ಉಳದಿದ್ದಳು.
ಫೌಜು ಹೋತು. ತಪ್ಪಂತ ನಾ ಹೆಂಗ ಅಂಟಸಲಿ?
ಹೋದದ್ದು ಒಂಬತ್ತು ತಿಂಗಳು ತಡಾಗಿ.
ಅಜ್ಜಿ ಸಾಯೋತನಾ ಬೆರಳು ಎಣಿಸ್ತಿದ್ದಳು,
ಒಂಬತ್ತಕ್ಕ ಬಂದು, ಮತ್ತ ಒಂದರಿಂದ."

"ನಮ್ಮ ಕಸುಬಿನ ಕಾಯ್ದೆ ಏನೈತಿ?" ಹುಲಿಗೆಪ್ಪ ಕೇಳಿದ.
"ಇನ್ನೊಬ್ಬನ ಚೀಲಕ್ಕ ಕರೆಯದ ಕೊಕ್ಕಿ ಹಾಕಬಾರದು.
ಕೈ ಕೊಡೋ ಅಂದರ ಓಡಬೇಕು."
"ಚೀಲದ ತಳಗ ಸಿಕ್ಕಾಂವ ಹೆಂಗ ಕರೀತಾನ?"

ಅಂಟು ತಳ ಹತ್ತಿದ ವಾಸನಿ.
ಎದ್ದು ಹೋಗಿ ತಿರುವಾಕ ನನಗೂ ಆಗಲಿಲ್ಲ.
ಎಲ್ಲರ ಕಣ್ಣಾಗ ಯಂಕೋಬ ಬಂದು ನಿಂತಿದ್ದ.
ಹೋದ ಸುಗ್ಗಿಯಾಗ ಥಪ್ಪಿ ಕುಸದು
ನಲವತ್ತು ಚೀಲದ ತಳಗ ಬಿದ್ದಾಂವ,
ಸೊಲ್ಲು ಎತ್ತದಾಂವ.
ಧೂಳಿನಾಗ ಹುಲಿಗೆಪ್ಪ ಕೊಕ್ಕಿ ಬೀಸಿದ, ಎಳದ.
ಚೀಲ ಅಂತ ಎಳದದ್ದು ಹೆಗಲು.
ಯಂಕೋಬ ಬದುಕಿದ.
ಬಲಗೈ ಕಿವಿಗಿಂತ ಮ್ಯಾಲ ಏಳಂಗಿಲ್ಲ.
ಈಗ ತಕ್ಕಡಿಯ ಬಾವುಟ ಕಟ್ಟತಾನ, ಎಡಗೈಲೆ.
ಉಳಿಸಿದ್ದಕ್ಕ ಶರಣು ಅಂತಾನ,
ಹರದದ್ದಕ್ಕ ಓಟು ಇಲ್ಲ ಅಂತಾನ.

ಹುಲಿಗೆಪ್ಪ ಪೆನ್ಸಿಲ್ ತಗೊಂಡ.
"ಕರೆಯದ" ಅಂತ ಸೇರಿಸಿದ.
ಮಂಡಲ್ ಕಸಗೊಂಡು "ಕರದರ ತಡಾ ಮಾಡದ" ಅಂದ.
ಖಾಜಾಸಾಬ್ "ಹೋದವರು ತಿರುಗಿ ಬರಬೇಕು" ಅಂದ.
"ಕೈ ನೋಡಿ ಕೊಕ್ಕಿ ಹಾಕಬೇಕು" ಅಂದದ್ದು ನಾನು.
ಬರದರು.

ಪ್ರೆಸ್ಸಿನ ಹುಡುಗ ತಲಿ ಕೆರಕೊಂಡ:
ಇಷ್ಟುದ್ದ ಹಿಡಿಯಂಗಿಲ್ಲ ಅಕ್ಕಾ.
ಏಳನೇ ಸಾಲು ಇರಿವಿಯಂಥ ಅಕ್ಷರದಾಗ ಅಚ್ಚಾತು.

ಬೆಳಗ್ಗೆ ಚಾದಂಗಡಿ ಗ್ವಾಡಿಗೆ ನಾ ಬ್ರಶ್ ಆಡಿಸ್ತಿದ್ದೆ.
ಹಿಂದ ಬಂದು ನಿಂತಾಂವ ಯಂಕೋಬ,
ಎಡಗೈಯಾಗ ನಮ್ಮ ಕರಪತ್ರ.
"ಆರು ಓದಿದೆ. ಇದು ಕಣ್ಣಿಗೆ ಹತ್ತವಲ್ದು, ಓದವಾ."
ಓದಿದೆ.
"ಕಡೀ ಮಾತು ಅವನ ಬರದನೇನು?"
ಹೂಂ ಅನ್ನಲೋ ಬ್ಯಾಡೋ.
ಗಲ್ಲದ ಮ್ಯಾಲ ಅಂಟು ಒಣಗಿ ಚರ್ಮ ಎಳೀತಿತ್ತು.
ಅವನು ಕಾಗದ ನಾಕು ಮಡಿಕಿ ಮಾಡಿ
ತಕ್ಕಡಿ ಬಿಲ್ಲೆ ಚುಚ್ಚಿದ ಕಿಸೇದಾಗ ಇಟ್ಟುಕೊಂಡ.
ಆಮ್ಯಾಲ ಎಡಗೈಲೆ, ಮೆಲ್ಲಕ,
ಹೆಗಲು ಕೆರಕೋತ ಹೋದ.