ಕೊಪಣದ ಲೆಕ್ಕ

ಏಳುನೂರು ಬಸದಿಗಳಿದ್ದವಂತೆ ಈ ಊರಲ್ಲಿ,
ಮೇಲೊಂದು ಎಪ್ಪತ್ತೋ ಎಂಬತ್ತೋ;
ಪಾಯಪ್ಪ ಮಾವ ಪ್ರತಿ ಸಲ ಬೇರೆ ಹೇಳುತ್ತಾನೆ.
ಅವನು ಪೂಜೆ ಮಾಡುವುದು ಒಂದರಲ್ಲಿ.
ಅದರ ಬೀಗದ ಕೈ ಜನಿವಾರಕ್ಕೆ ಕಟ್ಟಿದೆ.

ಉಳಿದವು ಎಲ್ಲಿ ಹೋದವು, ಕೇಳಿದ್ದೆ
ಎರಡು ಜಡೆಯ ವಯಸ್ಸಿನಲ್ಲಿ.
ಬಾ ತೋರಿಸುತೇನಿ ಎಂದು ಸೈಕಲ್ ಹತ್ತಿಸಿಕೊಂಡ.
ಕೋಟೆಯ ಗೋಡೆಯಲ್ಲಿ ತಲೆಕೆಳಗಾದ ಮುಕ್ಕೊಡೆ.
ಹಿಟ್ಟಿನ ಗಿರಣಿಗೆ ಮೆಟ್ಟಿಲಾಗಿ ಮಕಾಡೆ ಮಲಗಿದ ಬರಹ.
ರಜಾಕಸಾಬರ ಹಿತ್ತಿಲಲ್ಲಿ ಆಡು ಕಟ್ಟುವ ಕಂಬ.
ಅದರ ಮೈಮೇಲೊಂದು ಗಂಟೆಸರಪಳಿ,
ಆಡು ಅದನ್ನೇ ನೆಕ್ಕುತ್ತಿತ್ತು, ಉಪ್ಪಿರಬೇಕು.
ಸಾಬರ ಹೆಂಡತಿ ಮೊದಲು ಸೂರ್ಯನನ್ನು ನೋಡಿದಳು,
"ಹೊತ್ತೈತಿ ಇನ್ನಾ, ತಿನ್ರಿ" ಎಂದು
ಹುರಿದ ಶೇಂಗಾ ನನ್ನ ಉಡಿಗೆ ಸುರಿದಳು.

ಗುಡ್ಡದ ಮೇಲೆ, ಬಂಡೆಯಲ್ಲಿ, ಎರಡು ಪಾದ.
ಹೆಸರಿನ ಮೊದಲಕ್ಷರ ಉಳಿದಿದೆ, ಚ.
ಚಂದವ್ವೆಯೋ ಚಾಕಬ್ಬೆಯೋ,
ಮುಂದೆ ಕಲ್ಲೇ ಪಕಳೆ ಎದ್ದಿದೆ.
ನಡೆದು ಬಂದವರ ಗುರುತಲ್ಲ ಅದು,
ಮತ್ತೆ ನಡೆಯದವರದು.

ಅಜ್ಜಿಯ ತಂಗಿ ಜಕ್ಕವ್ವ
ಸಲ್ಲೇಖನ ಹಿಡಿದ ಕ್ರಮ ನನಗೆ ಬಾಯಿಪಾಠ.
ಶ್ರಾವಣದಲ್ಲಿ ಬೆಲ್ಲ. ದೀಪಾವಳಿಗೆ ರೊಟ್ಟಿ.
ಆಮೇಲೆ ಮಜ್ಜಿಗೆ.
ಆಮೇಲೆ ನಮ್ಮನ್ನು ಹೆಸರು ಹಿಡಿದು ಕರೆಯುವುದು.
ಕೊನೆಗೆ ನೀರು.
ಕೋಣೆಯಲ್ಲಿ ಒಣ ಬೇವಿನೆಲೆಯ ವಾಸನೆ ಇತ್ತು,
ನನಗೆ ನೆನಪಿರುವುದು ಅಷ್ಟೇ; ಉಳಿದದ್ದು ಹಿರಿಯರು ಹೇಳಿದ್ದು.

ಕಾಲೇಜಿನಲ್ಲಿದ್ದಾಗ ಒಂದು ಪದ್ಯ ಬರೆದು ಮಾವನಿಗೆ ಓದಿದೆ:
ಈ ಊರೇ ವ್ರತ ಹಿಡಿದಿತ್ತು,
ಮೊದಲು ಸೂರು ಬಿಟ್ಟಿತು, ಕಂಬ ಬಿಟ್ಟಿತು,
ಹೆಸರನ್ನೂ ಬಿಟ್ಟಿತು ಎಂದೆಲ್ಲ.
ಕನ್ನಡಕ ಒರೆಸುತ್ತ ಕೇಳಿದ.
"ಚೆಂದೈತಿ. ಆದರ ಸುಳ್ಳೈತಿ.
ಬಿಡೂದು ಬ್ಯಾರೆ, ಹೋಗೂದು ಬ್ಯಾರೆ.
ಜಕ್ಕವ್ವ ಬಿಟ್ಟಳು. ಇವೆಲ್ಲಾ ಹೋದುವು.
ಕಳಕೊಂಡದ್ದಕ್ಕ ತ್ಯಾಗ ಅಂತ ಹೆಸರಿಡಬ್ಯಾಡ, ಮಗಳ."

ಈಗ ಅವನಿಗೆ ಎಂಬತ್ತೊಂದು. ಗುಡ್ಡ ಹತ್ತುವುದಿಲ್ಲ.
ಬೆಳಕು ಹರಿದ ಮೇಲೆ ನಲ್ಲಿಯ ಬಾಯಿಗೆ
ಮಡಚಿದ ಅರಿವೆ ಕಟ್ಟಿ ಬಸದಿಯ ಕೊಡ ತುಂಬುತ್ತಾನೆ.
ಸೋಸಿದ ಅರಿವೆಯಲ್ಲಿ ಉಳಿದ ಜೀವಗಳು
ಬಂದಲ್ಲಿಗೇ ಮರಳಬೇಕು.
ಮೊದಲು ಬಾವಿ ಇತ್ತು; ಅದರ ಮೇಲೀಗ ಮೊಬೈಲ್ ಅಂಗಡಿ.
ನಲ್ಲಿ ನೀರಿನ ಜೀವಕ್ಕೆ ಯಾವುದು ಊರು?
ತುಂಗಭದ್ರೆ ದೂರ.
ಅದಕ್ಕೇ ಅರಿವೆಯನ್ನು ಹಿಂಡದೆ
ತಂಬಿಗೆಯ ಮೇಲೆ ಮಗುಚಿ, ಸೋಸಿದ ನೀರು ಹಾಯಿಸಿ,
ಹುಲಿಕೆರೆಯ ತನಕ ನಡೆಯುತ್ತಾನೆ
ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಗೋಡೆಗೆ.

ಹೋದ ವಾರ ನಾನೂ ಜೊತೆಗಿದ್ದೆ.
ಬಗ್ಗಿ ನೋಡಿದೆ ತಂಬಿಗೆಯೊಳಗೆ:
ತಳದ ಹಿತ್ತಾಳೆ, ನನ್ನ ಮೂಗುಬೊಟ್ಟು.
ಎಷ್ಟಿರಬಹುದು ಮಾವ, ಎಂದೆ.
ಅವನು ಮೊಣಕಾಲಮಟ ನೀರಿಗಿಳಿದು
ಕೆರೆಗೆ ಸದ್ದಾಗದಷ್ಟು ಮೆಲ್ಲಗೆ ತಂಬಿಗೆ ಓರೆ ಮಾಡಿದ.
"ಏಳ್ನೂರರ ಮ್ಯಾಲೇ ಅದಾವ," ಅಂದ,
"ಕಾಲು ನೋಡಿ ಇಡು. ಪಾಚಿ ಐತಿ."