ಎಂಟನೇ ಕ್ರಾಸು

ಎರಡೇ ಗೀಟು. ಎಡಕ್ಕೊಂದು, ಬಲಕ್ಕೊಂದು ಜಾರಬೇಕು,
ನೆತ್ತಿಯಲ್ಲಿ ಮುಟ್ಟಬಾರದು, ಅಂದರು ವಸುಮತಿ ಮೇಡಂ.

八

ನಾನು ಮುಟ್ಟಿಸಿದೆ. ಅದು ‘ಮನುಷ್ಯ’ ಆಗಿಬಿಟ್ಟಿತಂತೆ.
ಅಳಿಸಿದೆ. ಮತ್ತೆ ಬರೆದೆ.

ನಲವತ್ತಮೂರು ವಯಸ್ಸು ನನಗೆ, ಇಪ್ಪತ್ತು ವರ್ಷದಿಂದ ಸ್ಟಿಯರಿಂಗು.
ಹಿಂದಿನ ಸೀಟಿನ ಜಪಾನಿ ಸಾಹೇಬರು ಫೋನಿನಲ್ಲಿ
ಯಾಕೆ ನಗುತ್ತಾರೆ ಅಂತ ತಿಳಿಯುವ ಚಪಲಕ್ಕಲ್ಲ,
ಭಾಷೆ ಬಂದರೆ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು.
ಫೀಸು ಮಾತ್ರ ಅಕ್ಕನದು,
ಪಿಳ್ಳಮ್ಮನ ಚೀಟಿ ದುಡ್ಡು.

‘ಹಚಿ’ ಅಂದರೆ ಎಂಟು.
ಮರೆಯದಿರಲಿ ಅಂತ ಪುಸ್ತಕದ ಅಂಚಿಗೆ ಬರೆದುಕೊಂಡೆ:
ಸೊಪ್ಪು ಹಚ್ಚಿ, ದೀಪ ಹಚ್ಚಿ,
ನಾಯಿ ಬಂದರೆ ಹಚಾ.

ಕ್ಲಾಸು ಬಳೆ ಅಂಗಡಿಯ ಮಹಡಿಯಲ್ಲಿ.
ಕೆಳಗೆ ಮಲ್ಲೇಶ್ವರದ ಎಂಟನೇ ಕ್ರಾಸು,
ಫುಟ್‌ಪಾತಿನಲ್ಲಿ ಗೋಣಿ ಹಾಸಿ ಅಕ್ಕ.
ಇಳಿದವನೇ ಹೇಳಿದೆ: ಅಕ್ಕಾ, ತರಕಾರಿ ಅಂಗಡಿಗೆ ಅವರು
ಎಂಟುನೂರರ ಅಂಗಡಿ ಅಂತಾರೆ. ಯಾಓಯಾ.
ಅವಳು ಬೆರಳು ಮಡಿಚಿದಳು. ಬದನೆ, ಹೀರೆ, ತೊಂಡೆ,
ಗೋರಿಕಾಯಿ, ನುಗ್ಗೆ...
ನಿನ್ನೆಯ ಮೂಲಂಗಿ ಸೇರಿಸಿ ಹನ್ನೊಂದು.
‘ಉಳಿದ ಏಳ್ನೂರ ಎಂಬತ್ತೊಂಬತ್ತು
ನಿಮ್ಮ ಮೇಡಮ್ಮು ತಂದ್ಕೊಡ್ತಾರಾ?’

ಅದು ಲೆಕ್ಕ ಅಲ್ಲಕ್ಕ, ಬೇಕಾದಷ್ಟು ಅಂತ ಅರ್ಥ.
ನಾವು ನೂರೆಂಟು ಅಂತೀವಲ್ಲ,
ನೂರೆಂಟು ಕೆಲಸ, ನೂರೆಂಟು ತಾಪತ್ರಯ, ಹಂಗೆ.
ಸುಳ್ಳಿಗೂ ಅವರಲ್ಲಿ ಎಂಟುನೂರೇ.
‘ಹಂಗಾದ್ರೆ ನಿಮ್ಮ ಭಾವ ಜಪಾನಿನೋರೇ ಬಿಡು’ ಅಂದಳು,
ಕೊತ್ತಂಬರಿ ಮೇಲೆ ನೀರು ಚಿಮುಕಿಸಿದಳು,
ಬೇಕಾದ್ದಕ್ಕಿಂತ ಒಂಚೂರು ಹೆಚ್ಚೇ.

ಎರಡು ಹುರುಳಿಕಾಯಿ ಆರಿಸಿ ಗೋಣಿಯ ಮೇಲಿಟ್ಟು ತೋರಿಸಿದೆ,
ತಲೆಗೆ ತಲೆ ತಾಗದ ಹಾಗೆ.
ಬಗ್ಗಿ ನೋಡಿದಳು.
‘ಗುಡಿಸಲು ಮಾಡಿದ್ದಂಗೈತೆ.
ನಡುವೆ ಸೋರ್ತೈತೆ.’

ಅಷ್ಟರಲ್ಲಿ ಸ್ಕೂಲು ಬ್ಯಾಗಿನ ಹುಡುಗನೊಬ್ಬ,
ತಾಯಿ ಟೊಮೇಟೊ ಒತ್ತಿ ಒತ್ತಿ ನೋಡುತ್ತಿರಬೇಕಾದರೆ,
ನಮ್ಮ ಮಾತಿಗೆ ಕಿವಿ ಕೊಟ್ಟಿದ್ದವನು
ದಂಟಿನ ಸೊಪ್ಪಿಗೆ ಒರಗಿಸಿದ ಸ್ಲೇಟಿಗೆ ಬೆರಳು ತಾಗಿಸಿದ.
ಅಕ್ಕನ ಕೈಬರಹ, ಸುಣ್ಣದ ಕಡ್ಡಿಯಲ್ಲಿ:
ಸಣ್ಣ ಕಟ್ಟು ೮.
‘ಇದಾ ಅಂಕಲ್, ಜಪಾನೀಸು?’

ನಾನು ಬಾಯಿ ತೆರೆದೆ.
ಅಕ್ಕ ನನಗಿಂತ ಮುಂಚೆ ‘ಹೂಂ ಕಂದ’ ಅಂದುಬಿಟ್ಟಳು,
‘ಕಲೀತೀಯಾ?’
ಗೋಣಿಯ ಮೇಲಿನ ಎರಡು ಹುರುಳಿಕಾಯಿ ಎತ್ತಿ
ಯಾರದೋ ಕಾಲು ಕೇಜಿಯ ಜೊತೆ
ತಕ್ಕಡಿಗೆ ಹಾಕಿದಳು.