ಬಿಟ್ಟ ಅಕ್ಷರ

ಮುಗದೂರಿನಲ್ಲಿ ಬಸ್ಸಿಳಿದಾಗ ಎಂಟೂವರೆ.
ಹಾವೇರಿಯಿಂದ ನಿಂತೇ ಬಂದಿದ್ದೆವು.
ಹಿಟ್ಟಿನ ಗಿರಣಿಯ ಹಿಂದೆ, ಎಡಕ್ಕೆ ವಾಲಿ, ಕಲ್ಲು;
ಎಮ್ಮೆಗಳು ಮೈ ತಿಕ್ಕಿ ತಿಕ್ಕಿ
ಒಂದು ಮಗ್ಗುಲು ಎಣ್ಣೆ ಹಚ್ಚಿದಷ್ಟು ನುಣುಪು.

‘ನಿಧಿ ಹುಡುಕಾಕ ಬಂದೀರೇನ್ರಿ?’
ಗುಡದಪ್ಪ ಉತ್ತರಿಸುವುದಿಲ್ಲ.
ಮೂವತ್ತೊಂದು ವರ್ಷದಿಂದ ಅದೇ ಪ್ರಶ್ನೆ,
ಹುಡುಗರು ಮಾತ್ರ ಬೇರೆ.

ತೆಂಗಿನ ನಾರಿನಿಂದ ಕಲ್ಲಿನ ಮೋರೆ ತೊಳೆದ.
ಕಾಗದ ನೆನೆಸಿ, ಮಲಗಿದ ಕೂಸಿಗೆ ಹೊದಿಸಿದಂತೆ ಹೊದಿಸಿದ.
ಆಮೇಲೆ ಬ್ರಷ್ಷಿನಿಂದ ಬಡಿತ, ಒಂದೇ ಸಮನೆ,
ರೊಟ್ಟಿ ಬಡಿಯುವ ಸದ್ದು.
ಕಾಗದ ಪ್ರತಿ ತಗ್ಗಿಗೂ ಇಳಿಯಬೇಕು,
ಇಳಿದು ಹರಿಯಬಾರದು.

ನನಗೆ ನೆನಪಾದವರು ಚೀನದವರು.
ಧಾರವಾಡದಲ್ಲಿ, ನಮ್ಮ ವಿಭಾಗದ ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿ
ಗೆದ್ದಲು ಯಾಕೋ ಮುಟ್ಟದೆ ಬಿಟ್ಟ ಚಿತ್ರಗಳ ಕಟ್ಟೊಂದಿದೆ.
ಒಂದಕ್ಷರವೂ ಓದಲು ಬಾರದು ನನಗೆ.
ಊಟದ ಬಿಡುವಿನಲ್ಲಿ ಡಬ್ಬಿ ಬದಿಗಿಟ್ಟು
ಬರೀ ನೋಡುತ್ತೇನೆ.

ಅಲ್ಲೂ ಇದೇ ಕೆಲಸ: ಕಲ್ಲಿಗೆ ಒದ್ದೆ ಕಾಗದ, ಕಾಗದಕ್ಕೆ ಮಸಿ.
ಒಬ್ಬ ಕುಂಚ ತೊಳೆದೂ ತೊಳೆದೂ ಹೊಂಡವೇ ಕಪ್ಪಾಯಿತಂತೆ.
ಒಬ್ಬ ಕುಡಿದು ಕೂಗುತ್ತ ತಲೆಗೂದಲನ್ನೇ ಮಸಿಯಲ್ಲಿ ಅದ್ದಿ ಬರೆದನಂತೆ.
ಹೊಳೆಯ ದಂಡೆಯಲ್ಲಿ ಗೆಳೆಯರ ಕೂಟ, ಒಂದು ಮಧ್ಯಾಹ್ನ,
ಅಮಲಿನಲ್ಲಿ ಹರಿದ ಅಕ್ಷರ ಮರುದಿನ ಎಚ್ಚರದಲ್ಲಿ
ಎಷ್ಟು ಸಲ ಬರೆದರೂ ಕೈಗೆ ಬರಲಿಲ್ಲವಂತೆ ಇನ್ನೊಬ್ಬನಿಗೆ.
ಆ ಹಾಳೆಯ ಮೋಹಕ್ಕೆ ಬಿದ್ದ ದೊರೆ ಅದನ್ನು ಗೋರಿಗೇ ಒಯ್ದ.
ಉಳಿದದ್ದು ಪ್ರತಿ,
ಪ್ರತಿಯ ಪ್ರತಿ.

ಆದರೆ ನಾನು ಮತ್ತೆ ಮತ್ತೆ ತೆಗೆಯುವುದು ಬೇರೊಂದನ್ನು.
ಬರೆದವನ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ.
ದೊಡ್ಡ ಅಧಿಕಾರಿ, ಕಂಬದಂಥ ಅಕ್ಷರಕ್ಕೆ ಹೆಸರಾದವ.
ದಂಗೆಯಲ್ಲಿ ಅಣ್ಣನ ಮಗ ಸತ್ತ.
ಹುಡುಕಿದಾಗ ಸಿಕ್ಕಿದ್ದು ತಲೆ ಮಾತ್ರ.
ಎಡೆಯ ಮುಂದೆ ಓದಬೇಕಾದ ಮಾತಿಗೆ ಕರಡು ಮಾಡಲು ಕೂತ.

ಮೊದಲ ಸಾಲುಗಳು ಸರಿಯಿವೆ, ಕಚೇರಿಯ ಕೈ.
ಆಮೇಲೆ ಹೊಡೆದು ಹಾಕಿದ್ದು, ಮೇಲೆ ತಿದ್ದಿದ್ದು,
ತಿದ್ದಿದ್ದನ್ನೂ ಹೊಡೆದು ಹಾಕಿದ್ದು.
ಮಸಿ ತೀರಿದರೂ ಕುಂಚ ಅದ್ದದೆ
ಒಣ ಕೂದಲು ಕಾಗದ ಕೆರೆದ ಗುರುತು.
ಅದನ್ನೇ, ಆ ಗಲೀಜನ್ನೇ,
ಸಾವಿರದಿನ್ನೂರು ವರ್ಷ ರೇಷ್ಮೆಯಲ್ಲಿ ಸುತ್ತಿ ಕಾದರು.

‘ಅಕ್ಕಾರ, ಇಲ್ಲಿ ಬರ್ರಿ.’
ಗುಡದಪ್ಪನಿಗೆ ಹಳಗನ್ನಡ ಬಾರದು,
ಹೊಸದೂ ಸಹಿಯಷ್ಟೇ.
ಅವನು ಓದುವುದು ಬೆರಳಿನಿಂದ.
‘ಕೈ ತಪ್ಪೇತಿ ನೋಡ್ರಿ. ಒಂದ್ ಬಿಟ್ಟಾನ, ಆಮ್ಯಾಲ ತುರುಕ್ಯಾನ.’

ತುಱುವ ಮರಳಿಸಿ ಸತ್ತವನ ಕಲ್ಲು.
ಕೆಳಪಟ್ಟಿಯಲ್ಲಿ ದನಗಳು, ಬಾಗಿದ ಬಿಲ್ಲು,
ನಡುವೆ ಅವನನ್ನು ಎತ್ತಿ ಒಯ್ಯುವ ಹೆಂಗಸರು.
ನಿಲ್ಲಿಸಿದವನು ಸೋದರಮಾವ.
‘ಅಳಿಯ’ ಎನ್ನುವಲ್ಲಿ ‘ಳಿ’ ಬಿಟ್ಟುಹೋಗಿದೆ.
ಸಾಲಿನ ಕೆಳಗೆ ಚಿಕ್ಕದಾಗಿ, ಜೋಳದ ಕಾಳಿನಷ್ಟು, ಕೊರೆದಿದ್ದಾರೆ.

ಕೊರೆದವನು ಯಾರು? ಕೂಲಿಯವನಿರಬಹುದು.
ಹಸಿವಾಗಿತ್ತೇನೋ. ಹೊತ್ತು ಮುಳುಗಿತ್ತೇನೋ.
ಮಾವ ಬಗಲಲ್ಲೇ ನಿಂತು ಹೆಸರು ಹೇಳುತ್ತ
ನಡುವೆ ಗಂಟಲು ಕಟ್ಟಿತ್ತೇನೋ.
ಇದು ನನ್ನ ಕಟ್ಟುಕತೆ. ಕಲ್ಲು ಅಷ್ಟು ಹೇಳುವುದಿಲ್ಲ.
ಕಾಗದದ ಮೇಲೆ ತಪ್ಪು ಅಗ್ಗ,
ಒಂದು ಗೀಟೆಳೆದರೆ ಮುಗಿಯಿತು.
ಕಲ್ಲಿನ ಮೇಲೆ ತಪ್ಪಿದವನು
ಮತ್ತೆ ಉಳಿ ಹಿಡಿಯಬೇಕು, ಮತ್ತೆ ಬಡಿಯಬೇಕು.

ಮಸಿ ಒತ್ತಿದ. ಗಾಳಿಯಲ್ಲಿ ಎಲ್ಲಿಂದಲೋ ಒಣಮೆಣಸಿನ ಘಾಟು,
ಮೂವರೂ ಸೀನಿದೆವು: ನಾನು, ಅವನು, ಗಿರಣಿಯ ನಾಗನೂರ ಸಾವಕ್ಕ.
ಕಾಗದ ಸುಲಿದಾಗ ಲೋಕವೆಲ್ಲ ಕಪ್ಪು,
ಅಕ್ಷರ ಮಾತ್ರ ಬಿಳಿ.
ಎಲ್ಲಕ್ಕಿಂತ ಬೆಳ್ಳಗೆ ಆ ‘ಳಿ’.
ಗುಡದಪ್ಪ ಕಡ್ಡಿ ಇಟ್ಟು ಅಳೆದ:
‘ಉಳದವಕಿಂತ ಇದ ಆಳ ಐತ್ರಿ.’

ಬೋರಿನ ಕೊಳವೆಯಡಿ ಅವನು ಕೈ ತೊಳೆದ,
ಗಟಾರಿಗೆ ಕಪ್ಪು ನೀರು ಹರಿದು
ಸಾವಕ್ಕ ಬೈದಳು.

ವರದಿಯಲ್ಲಿ ಇದಕ್ಕೊಂದು ಪದವಿದೆ: ಲಿಪಿಕಾರನ ಪ್ರಮಾದ.
ಸಂಜೆಯ ಬಸ್ಸಿನಲ್ಲಿ ಸುರುಳಿ ತೊಡೆಯ ಮೇಲೆ.
ಪಕ್ಕದಲ್ಲಿ ಗುಡದಪ್ಪ ಬಾಯಿ ತೆರೆದು ನಿದ್ದೆ,
ಉಗುರಿನ ಸಂದಿಯ ಮಸಿ ಹೋಗಿಲ್ಲ.
‘ಏನ್ರೀ ಅದು, ನಕಾಶೆ?’ ಅಂದ ಕಂಡಕ್ಟರ್.
ಹೌದೆಂದೆ.
ಅರ್ಧ ಟಿಕೆಟ್ಟು ಹರಿದ, ಸುರುಳಿಗೂ.